ಬೂದಿ ಮಡಕೆ

ಹೆಮ್ಮಿಗೆಯ ಬೆಟ್ಟಸ್ವಾಮಿಯವರ ತೋಟದಲ್ಲಿ ಕೆಂಪು ವೈನು ಮಾಡುತ್ತಾರೆ, ಆದರೆ ಆ ಮನೆಯವರು ಯಾರೂ ಅದನ್ನು ಬಾಯಿಗೆ ಇಟ್ಟವರಲ್ಲ. ಇದು ಬನ್ನೂರಿನಿಂದ ನಂಜನಗೂಡಿನವರೆಗೆ ಗೊತ್ತಿದ್ದ ಸಂಗತಿ. ಕೆಲವರು ಮೆಚ್ಚಿಕೊಂಡು ಹೇಳುತ್ತಿದ್ದರು, ಕೆಲವರು ಮೀಸೆಯಡಿಯಲ್ಲೇ ನಗುತ್ತ ಹೇಳುತ್ತಿದ್ದರು. ಎದೆಯ ಮೇಲೆ ಲಿಂಗ, ಶೆಡ್ಡಿನೊಳಗೆ ವೈನು, ಎರಡನ್ನೂ ಒಂದಕ್ಕೊಂದು ತಾಗದ ಹಾಗೆ ನಿಭಾಯಿಸಿದ ಜಾಣರು ಎಂದು ತಿ. ನರಸೀಪುರದ ಸಂತೆಯಲ್ಲಿ ಜನ ಆಡಿಕೊಳ್ಳುವುದಿತ್ತು.

ಬೆಟ್ಟಸ್ವಾಮಿಯವರ ಹೆಂಡತಿ ಗುರುಬಸಮ್ಮನಿಗೆ ಮೊದಮೊದಲು ಈ ಮಾತು ಕೇಳಿದರೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಆಮೇಲೆ ಅದೇ ಮಾತು ಕಿವಿಗೆ ಬಿದ್ದರೆ ಎದ್ದು ಒಳಗೆ ಹೋಗತೊಡಗಿದಳು. ಯಾಕೆಂದರೆ ಯಾರೂ ಬಾಯಿಗೆ ಇಡದೆ ವೈನು ಆಗುವುದಿಲ್ಲ. ಯಾರಾದರೂ ಒಬ್ಬರು ಇಡಲೇಬೇಕು. ಅವರ ಮನೆಯಲ್ಲಿ ಆ ಒಬ್ಬ ಮನುಷ್ಯ ಸಿದ್ದಯ್ಯ, ಮತ್ತು ಅವನು ಮನೆಯವನಲ್ಲ.

ಸಿದ್ದಯ್ಯ ಆ ತೋಟಕ್ಕೆ ಬಂದದ್ದು ತೊಂಬತ್ತೊಂದರಲ್ಲಿ. ಕಾಲುವೆ ನೀರು ಹತ್ತದ ಮೇಲಿನ ಗರಸು ನೆಲದಲ್ಲಿ ಬೆಟ್ಟಸ್ವಾಮಿ ಕಪ್ಪು ದ್ರಾಕ್ಷಿ ಹಾಕುತ್ತೇನೆ ಎಂದಾಗ ಊರೇ ನಕ್ಕಿತ್ತು. ಭತ್ತ, ಕಬ್ಬು ಬಿಟ್ಟರೆ ಬೇರೆ ಗೊತ್ತಿಲ್ಲದ ಸೀಮೆ ಅದು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಕಟ್ಟುವ ಕೂಲಿಗೆ ಬಂದ ಎಂಟು ಜನರಲ್ಲಿ ಏಳು ಜನ ಕೆಲಸ ಮುಗಿಸಿ ಹೋದರು, ಸಿದ್ದಯ್ಯ ಉಳಿದ. ಬಳ್ಳಿ ಸವರುವುದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಒಂದು ಸಲ ಚಿಗುರೊಡೆಯಬೇಕಾದ ಕಣ್ಣಿನ ಮೇಲೆಯೇ ತಪ್ಪಾಗಿ ಕತ್ತರಿ ಹಾಕಿ ಇಡೀ ಸಾಲು ಬರಡಾದ ಮೇಲೆ, ಮರುವರ್ಷದಿಂದ ಅವನ ಕತ್ತರಿ ತಪ್ಪಲಿಲ್ಲ. ಬಳ್ಳಿಗಳನ್ನು ಅವನು ಬೈಯುತ್ತಿದ್ದ, ಸಮಾಧಾನ ಮಾಡುತ್ತಿದ್ದ, ಚಳಿಗಾಲದ ಇಬ್ಬನಿಗೆ ಎಲೆಗಳು ಮುದುಡಿದರೆ ಸ್ವಂತ ಮಕ್ಕಳಿಗೆ ಜ್ವರ ಬಂದವನಂತೆ ಓಡಾಡುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ.

ಅವನಿಗೆ ಇದ್ದದ್ದು ಕುಡಿತ. ಅದೂ ಅಂತಿಂಥ ಕುಡಿತವಲ್ಲ. ಒಂದು ಹನಿ ನಾಲಿಗೆಗೆ ಬಿದ್ದರೆ ಸಾಕು, ಇದು ಯಾವ ಕಡೆಯ ಸಾರಾಯಿ, ನೀರು ಬೆರೆಸಿದ್ದಾರೋ ಇಲ್ಲವೋ, ಹೆಂಡವಾದರೆ ಬೆಳಗ್ಗೆ ಇಳಿಸಿದ್ದೋ ಸಂಜೆ ಇಳಿಸಿದ್ದೋ ಎಲ್ಲ ಹೇಳುತ್ತಿದ್ದ. ಪಂದ್ಯ ಕಟ್ಟಿ ಕುಡಿಸುವವರಿಗೇನು ಕೊರತೆ? ಗೆಲ್ಲುವವನೂ ಅವನೇ, ಬೀಳುವವನೂ ಅವನೇ. ಅವನ ಹೆಂಡತಿ ರಾಮಮ್ಮ ಅವನನ್ನು ಹೊಲದ ಬದುಗಳಿಂದ ಎಬ್ಬಿಸಿಕೊಂಡು ಬರುವುದರಲ್ಲೇ ವಯಸ್ಸು ಕಳೆಯುತ್ತಿದ್ದಳು.

ತೊಂಬತ್ತನಾಲ್ಕರ ಕಾರ್ತಿಕದಲ್ಲಿ ರಾಮಮ್ಮ ಒಂದು ಬೆಳಗ್ಗೆ ಗುರುಬಸಮ್ಮನ ಹಿತ್ತಿಲಿಗೆ ಬಂದು, ಒಡೆದ ತುಟಿಯನ್ನು ಸೆರಗಿನಲ್ಲಿ ಒತ್ತಿಕೊಂಡು ನಿಂತಳು. ಗುರುಬಸಮ್ಮನಿಗೆ ರೇಗಿತು. ಅವಳು ರೇಗಿದರೆ ಬೆಟ್ಟಸ್ವಾಮಿಯೂ ಎದುರಾಡುತ್ತಿರಲಿಲ್ಲ. ಗಂಡಹೆಂಡಿರಿಬ್ಬರನ್ನೂ ಮೊದಲ ಬಸ್ಸಿಗೆ ಹತ್ತಿಸಿ, ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ತಾನೇ ನಂಜನಗೂಡಿಗೆ ಕರೆದುಕೊಂಡು ಹೋದಳು. ಕಪಿಲೆಯಲ್ಲಿ ಮುಳುಗಿ, ಮುಡಿ ಕೊಟ್ಟು, ಒದ್ದೆ ಪಂಚೆಯಲ್ಲಿ ನಂಜುಂಡೇಶ್ವರನ ಮುಂದೆ ನಿಂತು ಸಿದ್ದಯ್ಯ ಆಣೆ ಇಟ್ಟ: ಇನ್ನು ಅಮಲಿನ ಒಂದು ತೊಟ್ಟೂ ನನ್ನ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಬೋಳು ತಲೆಗೆ ಹಚ್ಚಿದ ಗಂಧ ಬಿಸಿಲಿಗೆ ಒಣಗಿ ಬಿರಿಯುತ್ತಿತ್ತು. ಅವನು ಅಳುತ್ತಿದ್ದ.

"ನೀವೇ ಸಾಕ್ಸಿ ಅವ್ವೋರೆ," ಎಂದಳು ರಾಮಮ್ಮ.

"ನಾನೇ ಸಾಕ್ಷಿ ಕಣವ್ವ," ಎಂದಳು ಗುರುಬಸಮ್ಮ.

ಆಣೆ ಎಂದರೆ ಆಣೆ. ಒಂಬತ್ತು ವರ್ಷ ಸಿದ್ದಯ್ಯ ಹೆಂಡದಂಗಡಿಯ ದಾರಿಯನ್ನೇ ತುಳಿಯಲಿಲ್ಲ. ಪ್ರತಿ ವರ್ಷ ಕಾರ್ತಿಕದ ಒಂದು ಸೋಮವಾರ ನಂಜನಗೂಡಿಗೆ ಹೋಗಿ ಮುಡಿ ಕೊಟ್ಟು ಬರುತ್ತಿದ್ದ, ಬರುವಾಗ ಗುರುಬಸಮ್ಮನಿಗೆ ಎಂದು ಒಂದು ಚಿಪ್ಪು ರಸಬಾಳೆ ತರುತ್ತಿದ್ದ. ರಾಮಮ್ಮನ ಮೈ ಕೈ ತುಂಬಿತು. ಕರಿಮಣಿ ಸರದ ಜೊತೆಗೆ ಎರಡು ಚಿನ್ನದ ಗುಂಡು ಬಂದವು.

ಎರಡು ಸಾವಿರದ ಮೂರರಲ್ಲಿ ವೈನು ಬಂತು.

ವೈನು ತಂದವನು ಮಗ ಮಲ್ಲಿಕಾರ್ಜುನ. ಮೈಸೂರಿನಲ್ಲಿ ಓದಿ, ಊರಿಗೇ ಮರಳಿ, ಹಣ್ಣಾದ ದ್ರಾಕ್ಷಿ ಎರಡು ವರ್ಷ ಅಕಾಲದ ಮಳೆಗೆ ಬಳ್ಳಿಯಲ್ಲೇ ಒಡೆದು ಹೋಗುವುದನ್ನು ಕಂಡು, ಇದಕ್ಕೆ ವೈನೇ ಗತಿ ಎಂದು ಹಟ ಹಿಡಿದ. ಬೆಟ್ಟಸ್ವಾಮಿ ಒಂದು ತಿಂಗಳು ಮಗನ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ಬೆಳಗ್ಗೆ ಪೂಜೆ ಮುಗಿಸಿದವರೇ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು ನಡುಮನೆಗೆ ಬಂದು, ಹೆಂಡತಿಯನ್ನೂ ಮಗನನ್ನೂ ಕೂರಿಸಿಕೊಂಡು ಹೇಳಿದರು: ಮಾಡು, ಮಾರು, ಆದರೆ ಈ ಮನೆಯಲ್ಲಿ ಲಿಂಗ ಕಟ್ಟಿದವರು ಯಾರೂ ಅದನ್ನು ನಾಲಿಗೆಗೆ ತಾಗಿಸಕೂಡದು. ಮೂವರೂ ಲಿಂಗ ಮುಟ್ಟಿ ಒಪ್ಪಿಕೊಂಡರು. ಲೈಸೆನ್ಸಿಗೆ ಎರಡು ವರ್ಷ ಅಲೆದದ್ದಾಯಿತು, ತೋಟದ ಮೂಲೆಯಲ್ಲಿ ಶೆಡ್ಡು ಎದ್ದಿತು, ಸ್ಟೀಲಿನ ಟ್ಯಾಂಕು ಬಂದವು. ಬಾಟಲಿಗೆ ಅಂಟಿಸುವ ಚೀಟಿಯಲ್ಲಿ, ಒಂದೇ ಕುಟುಂಬದ ಕೈಯಲ್ಲಿ ಬೆಳೆದು ತಯಾರಾದದ್ದು ಎಂದು ಅಚ್ಚು ಹಾಕಿಸಿದರು.

ಎರಡು ಸಾವಿರದ ಮೂರರ ಆ ಮೊದಲ ಸುಗ್ಗಿಯಲ್ಲಿ ಹಣ್ಣು ಕಿವುಚಿ, ಸಿಪ್ಪೆ ಸಮೇತ ಟ್ಯಾಂಕಿಗೆ ತುಂಬಿ, ರಸ ಹುದುಗಿ ಉಕ್ಕು ಬಂದು, ಶೆಡ್ಡೆಲ್ಲ ಹುಳಿಸಿಹಿ ವಾಸನೆ ಅಡರಿದ ಮೇಲೆ ಮಲ್ಲಿಕಾರ್ಜುನನಿಗೆ ಸಂಕಟ ಶುರುವಾಯಿತು. ಸಕ್ಕರೆ ಎಷ್ಟಿದೆ ಎಂದು ಅಳೆಯಲು ಗಾಜಿನ ಕೊಳವೆ ಇತ್ತು. ಬಿಸಿ ಎಷ್ಟೇರಿದೆ ಎಂದು ನೋಡಲು ಮೀಟರಿತ್ತು. ಆದರೆ ಸಿಪ್ಪೆಯಿಂದ ಯಾವತ್ತು ಬೇರೆ ಮಾಡಬೇಕು, ಒಗರು ಎಷ್ಟು ಇಳಿದಿದೆ, ಕೆಡುವ ಲಕ್ಷಣವೇನಾದರೂ ಇದೆಯೇ ಎಂದು ಹೇಳುವುದಕ್ಕೆ ಬಾಯಿಯೇ ಬೇಕು. ಆಗ ಬೆಟ್ಟಸ್ವಾಮಿ ಜಗಲಿಯ ಮೇಲೆ ಕೂತಲ್ಲಿಂದಲೇ, ಸಿದ್ದಯ್ಯನ ನಾಲಿಗೆ ಇದೆಯಲ್ಲ, ಎಂದರು.

ಅವನು ಆಣೆ ಇಟ್ಟಿದ್ದಾನೆ ಎಂದು ಗುರುಬಸಮ್ಮ ತಡೆದಳು. ಇದನ್ನು ಹೇಳಲೇಬೇಕು, ಅವಳು ತಡೆದಳು. ಕುಡಿಯುವುದು ಯಾರವ್ವ, ವಿದೇಶದಲ್ಲೂ ರುಚಿ ನೋಡಿ ಉಗಿದುಬಿಡುತ್ತಾರೆ, ಅದೇ ಅದರ ಕ್ರಮ, ಎಂದ ಮಗ. ಸಿದ್ದಯ್ಯನನ್ನು ಕರೆದು ಕೇಳಿದರೆ, ಅವನು ತಲೆ ತಗ್ಗಿಸಿ, ಮನೆಯವಳು ಒಪ್ಪಿದರೆ ಆಗಬಹುದು ಎಂದ. ರಾಮಮ್ಮನನ್ನು ಒಪ್ಪಿಸುವ ಕೆಲಸ ಯಾರಿಗೆ ಬಂತು? ಸಾಕ್ಷಿ ನಿಂತವಳಿಗೇ ಬಂತು.

ಗುರುಬಸಮ್ಮ ಅವತ್ತು ರಾಮಮ್ಮನ ಮನೆಯ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಸಾಯುವವರೆಗೂ ಮರೆಯುವಂತಿಲ್ಲ. ರಾಮಮ್ಮ ಬೇಡ ಎನ್ನುತ್ತಲೇ ಇದ್ದಳು. ಆಗ ಗುರುಬಸಮ್ಮನಿಗೆ ಎಲ್ಲಿಂದಲೋ ಬುದ್ಧಿ ಓಡಿತು.

"ಅವ್ನು ಗಂಟಲಿಂದ ಕೆಳಕ್ಕೆ ಇಳಿಸಲ್ಲ ಅಂತ ತಾನೆ ಆಣೆ ಇಟ್ಟಿರೋದು? ನಂಜುಂಡಪ್ಪನೇ ವಿಷವ ಗಂಟಲಲ್ಲಿ ತಡೆದು ನಿಲ್ಲಿಸ್ಕೊಂಡ. ನಿನ್ನ ಗಂಡ ಬಾಯಲ್ಲಿ ಒಂದು ಗಳಿಗೆ ಇಟ್ಕೊಂಡು ಉಗಿದ್ರೆ ಆಣೆ ಮುರಿಯಲ್ಲ ಕಣೆ ರಾಮಮ್ಮ. ನಾನಿದ್ದೀನಲ್ಲ."

ದೇವರ ಕಥೆಯನ್ನೇ ತೆಗೆದು ಮುಂದಿಟ್ಟರೆ ರಾಮಮ್ಮ ಏನು ಹೇಳಿಯಾಳು? ನೀವಿದ್ರೆ ಸರಿ ಅವ್ವೋರೆ, ಎಂದಳು.

ಉಗಿಯುವುದಕ್ಕೆ ಒಂದು ಮಡಕೆ ಗೊತ್ತಾಯಿತು. ನೀರೊಲೆಯ ಬೂದಿಯನ್ನು ಜರಡಿ ಹಿಡಿದು ಮುಕ್ಕಾಲು ತುಂಬಿ ಇಡುವ ಕೆಲಸವನ್ನು ಗುರುಬಸಮ್ಮ ತಾನೇ ವಹಿಸಿಕೊಂಡಳು, ಅಷ್ಟಾದರೂ ತನ್ನ ಕಣ್ಣೆದುರಿಗೆ ಸರಿಯಾಗಿ ನಡೆಯಲಿ ಎಂದು. ಆದರೆ ಸಿದ್ದಯ್ಯ ಎಲ್ಲರ ಎದುರಿಗೆ ಉಗಿಯಲು ಒಪ್ಪಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಶೆಡ್ಡು, ಬುದ್ಧಿಯವರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಅವ್ವೋರು ನಿಂತಿದ್ದಾರೆ, ಅವರ ಮುಂದೆ ಉಗಿಯುವುದೆಂದರೆ ಏನು! ಗಾಜಿನ ಲೋಟದಿಂದ ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಕೆನ್ನೆಯ ಆ ಕಡೆ ಈ ಕಡೆ ಆಡಿಸಿ, ಮಡಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ಬರುವಾಗ ಟವಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಂದ. ನೋಡಿದಿರಾ ಅವನ ಮರ್ಯಾದೆ ಎಂದು ಬೆಟ್ಟಸ್ವಾಮಿ ತಲೆದೂಗಿದರು.

ಬಂದು ಅವನು ಹೇಳಿದ್ದನ್ನು ಮಲ್ಲಿಕಾರ್ಜುನ ಪುಸ್ತಕದಲ್ಲಿ ಬರೆದುಕೊಂಡ. ಒಗರು ಸಿಪ್ಪೆಯದಲ್ಲ ತೊಟ್ಟಿನದು, ಮುಂದಿನ ಸಲ ತೊಟ್ಟು ಬಿಡಿಸಿ ಕಿವುಚಿ. ಕೆಳಗಿನ ಸಾಲಿನ ಹಣ್ಣೂ ಮೇಲಿನ ಸಾಲಿನ ಹಣ್ಣೂ ಬೆರೆತಿದೆ, ಕೆಳಗಿನದಕ್ಕೆ ನೀರಿನ ರುಚಿ. ಇನ್ನು ಮೂರು ದಿನ ಸಿಪ್ಪೆಯಲ್ಲೇ ಬಿಡಿ. ಹೇಳುತ್ತ ಹೇಳುತ್ತ ಅವನ ಮುಖ ಅರಳುತ್ತಿತ್ತು. ಹನ್ನೆರಡು ವರ್ಷ ಸಾಕಿದ ಬಳ್ಳಿ ಕೊನೆಗೆ ಬಾಯಿ ಬಿಟ್ಟು ಮಾತಾಡಿದ್ದು ಅವನೊಬ್ಬನಿಗೇ ಕೇಳಿಸಿದಂತಿತ್ತು. ಗುರುಬಸಮ್ಮನಿಗೆ ಅವನ ಸಂತೋಷ ಕಂಡು ಸಮಾಧಾನವಾಯಿತು. ಮೂರು ದಿನದ ಮೇಲೆ ಸಿಪ್ಪೆಯಿಂದ ಬೇರೆಯಾದ ವೈನು ಎಷ್ಟು ಚೆನ್ನಾಗಿ ಬಂತೆಂದರೆ ಮೈಸೂರಿನವರು ಹುಡುಕಿಕೊಂಡು ಬಂದರು.

ರುಚಿ ನೋಡಿದ ಆ ಮೊದಲ ದಿನ ಸಂಜೆ ಮಡಕೆಯ ಬೂದಿ ಚೆಲ್ಲಿದವನು ಸಿದ್ದಯ್ಯನೇ. ಆ ವರ್ಷವೆಲ್ಲ ಅವನೇ ಚೆಲ್ಲಿದ.

ಎರಡನೆಯ ವರ್ಷ, ಒಂದು ಮಧ್ಯಾಹ್ನ, ರುಚಿ ನೋಡಿ ಹೇಳುವುದನ್ನೆಲ್ಲ ಹೇಳಿದ ಸಿದ್ದಯ್ಯ ಪಂಪು ಕೆಟ್ಟಿದೆಯೆಂದು ಯಾರೋ ಕೂಗಿದ್ದಕ್ಕೆ ಓಡಿದ. ಮಡಕೆ ಶೆಡ್ಡಿನ ಹಿಂದೆ ಗೋಡೆಗೆ ಒರಗಿಕೊಂಡು ಉಳಿಯಿತು. ಗುರುಬಸಮ್ಮ ಅದನ್ನು ತಿಪ್ಪೆಗೆ ಸುರಿಯೋಣವೆಂದು ಎತ್ತಿಕೊಂಡಳು. ಹಗುರವಾಗಿತ್ತು. ಬಗ್ಗಿ ನೋಡಿದಳು. ಬೆಳಗ್ಗೆ ಅವಳು ಅಂಗೈಯಿಂದ ಸವರಿ ಸಮ ಮಾಡಿ ಇಟ್ಟಿದ್ದ ಬೂದಿ ಹಾಗೆಯೇ ಇತ್ತು, ಅವಳ ಬೆರಳಿನ ಗೆರೆಗಳು ಕೂಡ ಹಾಗೆಯೇ ಇದ್ದವು. ಅವತ್ತು ಸಿದ್ದಯ್ಯ ಆರು ಟ್ಯಾಂಕಿನ ರುಚಿ ನೋಡಿದ್ದ. ಆರು ಸಲ ಮಡಕೆ ಹಿಡಿದು ಹಿಂದಕ್ಕೆ ಹೋಗಿದ್ದ. ಬೂದಿಯಲ್ಲಿ ಒಂದೇ ಒಂದು ಹನಿಯ ಗುರುತಿರಲಿಲ್ಲ.

ಅವಳು ಬೂದಿಯೊಳಗೆ ಬೆರಳಿಟ್ಟು ಕೆದಕಿ ನೋಡಿದಳು. ತಳದವರೆಗೂ ಒಣಗಿತ್ತು.

ಆಗ ಅವಳು ಮಾಡಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು. ಮಡಕೆಯನ್ನು ತಂದು ಗಂಡನ ಮುಂದೆ ಕುಕ್ಕಿ, ನಾಳೆಯಿಂದ ಸಿದ್ದಯ್ಯ ಈ ಶೆಡ್ಡಿನೊಳಗೆ ಕಾಲಿಡಕೂಡದು ಎನ್ನಬೇಕಾಗಿತ್ತು. ಅವಳು ಎಂದಿದ್ದರೆ ನಡೆಯುತ್ತಿತ್ತು. ಆದರೆ ಟ್ಯಾಂಕಿನಲ್ಲಿ ಇನ್ನೂ ಹದ ಸಿಗಬೇಕಾದ ವೈನು ಇತ್ತು, ಮಗ ಎರಡು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ, ಸಿದ್ದಯ್ಯನಾದರೋ ಓಡಾಡಿಕೊಂಡು ಚೆನ್ನಾಗಿಯೇ ಇದ್ದ. ಈ ಸುಗ್ಗಿಯೊಂದು ಮುಗಿಯಲಿ ಎಂದುಕೊಂಡಳು. ಬೂದಿಯನ್ನು ತಿಪ್ಪೆಗೆ ಸುರಿದಳು, ಮರುದಿನ ಬೆಳಗ್ಗೆ ಹೊಸ ಬೂದಿ ತುಂಬಿ ಸಮ ಮಾಡಿ ಇಟ್ಟಳು. ಯಾರಿಗೂ ಹೇಳಲಿಲ್ಲ. ಇನ್ನೊಂದು ಸಲ ಬಗ್ಗಿ ನೋಡಲೂ ಇಲ್ಲ.

ಆ ಕಾರ್ತಿಕದಲ್ಲಿ ಸಿದ್ದಯ್ಯ ನಂಜನಗೂಡಿಗೆ ಹೋಗಲಿಲ್ಲ. ನೆನೆದರೆ, ಅದರ ಹಿಂದಿನ ಕಾರ್ತಿಕದಲ್ಲೂ ರಸಬಾಳೆ ಬಂದಿರಲಿಲ್ಲ. ರಾಮಮ್ಮ ಕೇಳಿದ್ದಕ್ಕೆ ಕೆಲಸವಿದೆ ಎಂದನಂತೆ. ಆಣೆ ಮುರಿದ ಮೇಲೆ ಉಳಿದದ್ದಕ್ಕೆ ಏನು ಕಾವಲು? ಬರಬರುತ್ತ ಸಾರಾಯಿ ಪ್ಯಾಕೆಟ್ಟು ಅವನ ಅಂಗಿಯ ಜೇಬಿಗೆ ಬಂತು. ಮೊದಲು ಸಂಜೆಗೆ, ಆಮೇಲೆ ಬೆಳಗ್ಗೆಗೂ. ಎರಡು ಸಾವಿರದ ಐದರ ಚಳಿಗಾಲದಲ್ಲಿ ಬಳ್ಳಿ ಸವರುವಾಗ ಏಣಿಯಿಂದ ಬಿದ್ದ. ಬೆಟ್ಟಸ್ವಾಮಿ ಬಂದು ನೋಡಿದರೆ ಬಾಯಿ ಗಬ್ಬೆನ್ನುತ್ತಿತ್ತು.

ಬೆಟ್ಟಸ್ವಾಮಿಯವರಿಗೆ ಬಂದ ಕೋಪವನ್ನು ಹೇಳತೀರದು. ಮಠಕ್ಕೆ ನಡೆದುಕೊಳ್ಳುವ ಮನೆ, ನಿತ್ಯ ಲಿಂಗಪೂಜೆ ನಡೆಯುವ ಮನೆ, ಇಲ್ಲಿ ಕುಡುಕರಿಗೆ ಜಾಗವಿಲ್ಲ ಎಂದರು. ಅವರ ಬೆನ್ನ ಹಿಂದೆ ಶೆಡ್ಡಿನ ಬಾಗಿಲಲ್ಲಿ ಬಾಟಲಿಗಳನ್ನು ರಟ್ಟಿನ ಡಬ್ಬಿಗಳಿಗೆ ತುಂಬುತ್ತಿದ್ದರು. ನಗುವವರಿದ್ದರೆ ನಗಬಹುದಿತ್ತು. ಸಿದ್ದಯ್ಯ ಕತ್ತರಿಯನ್ನು ಟವಲಿನಿಂದ ಒರೆಸಿ ಜಗಲಿಯ ಮೇಲಿಟ್ಟು ಹೊರಟು ಹೋದ. ಹೋಗುವಾಗ ಗುರುಬಸಮ್ಮನ ಕಡೆ ಒಮ್ಮೆ ನೋಡಿದ. ಅವಳು ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬಂತೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮುಂದಿನ ಸುಗ್ಗಿಯಲ್ಲಿ ಯಾರೂ ಅವನನ್ನು ಕರೆಯಲಿಲ್ಲ, ಅವನೇ ಬಂದ. ಉಕ್ಕು ಇಳಿಯುತ್ತಿದ್ದ ಹೊತ್ತು, ವಾಸನೆ ಊರ ಅಂಚಿನವರೆಗೆ ಹರಡಿತ್ತು. ಅವನ ಕಣ್ಣು ಹಳದಿಯಾಗಿದ್ದವು, ಹೊಟ್ಟೆ ಉಬ್ಬಿತ್ತು, ಕಾಲು ಕಡ್ಡಿಯಾಗಿದ್ದವು. ಶೆಡ್ಡಿನ ಹೊಸ್ತಿಲ ಹೊರಗೆ ನಿಂತು, "ಐದ್ನೇ ಟ್ಯಾಂಕು ಕೆಡ್ತಾ ಅದೆ ಬುದ್ದಿ. ವಾಸ್ನೆ ಬತ್ತಾ ಅದೆ. ಇವತ್ತೇ ಬ್ಯಾರೆ ಮಾಡಿ," ಎಂದ. ಮಲ್ಲಿಕಾರ್ಜುನ ಅಪ್ಪನ ಮುಖ ನೋಡಿದ. ಅಪ್ಪ ಬೇರೆ ಕಡೆ ನೋಡಿದರು. ಹಾಗಾದರೆ ಒಪ್ಪಿಗೆ ಎಂದು ಅರ್ಥ. ಲೋಟ ಬಂತು. ಮಡಕೆಯೂ ಬಂತು, ಅದನ್ನು ತಂದವಳು ಗುರುಬಸಮ್ಮ. ಕೊಡುವಾಗ ಅವಳು ಅವನ ಕೈ ಹಿಡಿದು ನಿಲ್ಲಿಸಬಹುದಿತ್ತು. ಅವನು ಮಡಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗೋಡೆ ಹಿಡಿದುಕೊಂಡು, ಹಿಂದಕ್ಕೆ ನಡೆದ.

ಐದನೆಯ ಟ್ಯಾಂಕು ಉಳಿಯಿತು. ಆ ವರ್ಷದ ವೈನಿನಷ್ಟು ಒಳ್ಳೆಯ ವೈನು ಮತ್ತೆ ಬರಲಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಸಿದ್ದಯ್ಯ ಜ್ಯೇಷ್ಠದಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಸತ್ತ.

ಮಣ್ಣಾದ ಮೂರನೆಯ ದಿನ ಗುರುಬಸಮ್ಮ ರಾಮಮ್ಮನ ಮನೆಗೆ ಹೋದಳು. ರಾಮಮ್ಮ ಚಾಪೆ ಹಾಸಲಿಲ್ಲ, ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಕೂತೇ ಇದ್ದಳು. ಬೋಳು ಕೊರಳಿನಲ್ಲಿ ಕರಿಮಣಿಯ ಗುರುತು ಮಾತ್ರ ಬೆಳ್ಳಗೆ ಉಳಿದಿತ್ತು. ಗುರುಬಸಮ್ಮ ಏನೇನೋ ಹೇಳಿದಳು, ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದನ್ನೇ. ಕೊನೆಗೆ, ಬಿಟ್ಟಿದ್ದ ಚಟ ಮತ್ತೆ ಹೇಗೆ ಹತ್ತಿಸಿಕೊಂಡನೋ, ಎಂದುಬಿಟ್ಟಳು.

ಆಗ ರಾಮಮ್ಮ ತಲೆ ಎತ್ತಿದಳು.

"ಆಸ್ಪತ್ರೇಲಿ ನಮ್ಮೆಜಮಾನ್ರು ಎಲ್ಲ ಏಳುದ್ರು ಅವ್ವೋರೆ. ಮೊದಲ್ನೇ ದಿನದಿಂದ್ಲೂ ಒಂದ್ಸಲಾನೂ ಉಗೀನಿಲ್ವಂತೆ. ಉಗಿಯಾಕೆ ಅಂತ್ಲೇ ಇಂದಕ್ಕೆ ಓಯ್ತಿದ್ರಂತೆ, ಆಗ್ನಿಲ್ವಂತೆ. ಅನ್ನೆಲ್ಡು ವರ್ಸ ಸಾಕುದ್ ಬಳ್ಳಿ ಕಣೆ, ಬೂದಿಗೆ ಎಂಗೆ ಉಗೀಲಿ, ಬಾಯೇ ತೆರೀನಿಲ್ಲ, ಅಂದ್ರು. ಅಷ್ಟು ಏಳಿ ಗ್ವಾಡೆ ಕಡೀಕ್ ತಿರುಕ್ಕೊಂಡ್ರು."

ಗುರುಬಸಮ್ಮ ಅಲ್ಲಿಂದ ಹೊರಟು ಬಂದಳು. ದಾರಿಯುದ್ದಕ್ಕೂ ಅವಳು ತನಗೆ ತಾನೇ ಹೇಳಿಕೊಂಡದ್ದು ಒಂದೇ: ಕುಡುಕರು ಸಾಯುವಾಗಲೂ ನೆಪ ಹೇಳುತ್ತಾರೆ. ಬಾಯಲ್ಲಿ ಇಟ್ಟದ್ದನ್ನು ಉಗಿಯಲು ಆಗಲಿಲ್ಲ ಎಂದರೆ ಯಾರಾದರೂ ನಂಬುವ ಮಾತೇ? ಆಸೆ ತಡೆಯಲಾಗಲಿಲ್ಲ, ನುಂಗಿದ, ಅಷ್ಟೆ. ಅವನ ಚಟ ಅವನನ್ನು ಕೊಂದಿತು. ಬೂದಿ ಒಣಗಿದ್ದನ್ನು ತಾನು ಕಂಡಿದ್ದರೂ, ಕಾಣದಿದ್ದರೂ, ಕುಡಿಯುವವನು ಕುಡಿದೇ ಕುಡಿಯುತ್ತಿದ್ದ.

ಈ ಒಂದು ಮಾತನ್ನು ಹಿಡಿದುಕೊಂಡು ಅವಳು ಒಂದು ವರ್ಷ ಬದುಕಿದಳು. ಅದು ನಿಜವಾಗಿರಲೇಬೇಕಿತ್ತು. ನಿಜವಲ್ಲದಿದ್ದರೆ ಆ ಸಾವು ಅವಳ ಮಡಿಲಿಗೆ ಬಂದು ಬೀಳುತ್ತಿತ್ತು. ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ, ವಿಭೂತಿ ಹಚ್ಚಲು ಬೆರಳು ಮುಂದೆ ಹೋಗುತ್ತಿರಲಿಲ್ಲ. ಬೂದಿಯೊಳಗೆ ಬೆರಳಿಟ್ಟ ನೆನಪಾಗುತ್ತಿತ್ತು.

ಎರಡು ಸಾವಿರದ ಏಳರ ಸುಗ್ಗಿ ಬಂತು. ಮಲ್ಲಿಕಾರ್ಜುನ ಬನ್ನೂರಿನ ಕಡೆಯಿಂದ ನಾಗಯ್ಯ ಎಂಬವನನ್ನು ಹುಡುಕಿ ತಂದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು, ಎರಡು ಹೆಣ್ಣುಮಕ್ಕಳ ತಂದೆ. ಕುಡಿಯುತ್ತೀಯಾ ಎಂದು ಬೆಟ್ಟಸ್ವಾಮಿ ಕೇಳಿದ್ದಕ್ಕೆ, ಹಬ್ಬಹರಿದಿನಕ್ಕೆ ಅಷ್ಟೆ ಬುದ್ಧಿ ಎಂದು ನಾಚಿಕೊಂಡ. ಅಷ್ಟಿದ್ದರೆ ಸಾಕು ಎಂದರು ಅವರು. ಅವ್ವ, ಮಡಕೆಗೆ ಬೂದಿ ಹಾಕಿಕೊಡು ಎಂದು ಮಗ ಕೂಗಿದ.

ಗುರುಬಸಮ್ಮ ಬೂದಿ ಜರಡಿ ಹಿಡಿದಳು. ಮುಕ್ಕಾಲು ತುಂಬಿದಳು. ಅಂಗೈಯಿಂದ ಸಮ ಮಾಡಿದಳು. ಮಡಕೆ ಹಿಡಿದುಕೊಂಡು ಶೆಡ್ಡಿಗೆ ಬಂದರೆ, ಮಲ್ಲಿಕಾರ್ಜುನ ಟ್ಯಾಂಕಿನ ನಲ್ಲಿ ತಿರುಗಿಸಿ ಲೋಟಕ್ಕೆ ಒಂದು ಬೆರಳಷ್ಟು ಬಿಟ್ಟು ನಾಗಯ್ಯನ ಕೈಗೆ ಕೊಡುತ್ತಿದ್ದ. ಅವಳು ನಡುವೆ ಕೈ ಚಾಚಿ ಲೋಟ ತೆಗೆದುಕೊಂಡಳು.

"ನೀನು ಮನೆಗೆ ಹೋಗಪ್ಪ," ಎಂದಳು ನಾಗಯ್ಯನಿಗೆ. "ನಿನ್ನ ಹೆಣ್ಣುಮಕ್ಕಳು ಕಾಯ್ತಿರ್ತವೆ."

ಬೆಟ್ಟಸ್ವಾಮಿ ಕುರ್ಚಿಯಿಂದ ಎದ್ದು ನಿಂತರು. ಎದೆಯ ಮೇಲೆ ಲಿಂಗವಿದೆ, ಮುಟ್ಟಿ ಮಾತು ಕೊಟ್ಟಿದ್ದೀಯ ಎಂದು ಗದರಿದರು. ಮಾತು ಕೊಟ್ಟದ್ದು ಅವಳಿಗೂ ನೆನಪಿತ್ತು. ಆದರೆ ಅವಳಿಗೆ ಈಗ ಬೇಕಾಗಿದ್ದದ್ದು ಒಂದೇ. ಬಾಯಿಗೆ ತೆಗೆದುಕೊಂಡು ಉಗಿಯಬಹುದು ಎಂದು ತೋರಿಸಬೇಕು. ಗಂಡನಿಗಲ್ಲ, ಮಗನಿಗಲ್ಲ, ತನಗೆ. ಅದೊಂದು ಆದರೆ ಸಿದ್ದಯ್ಯ ಹೇಳಿದ್ದು ನೆಪವಾಗುತ್ತದೆ, ಅವಳು ಇನ್ನು ಮುಂದೆ ನೆಮ್ಮದಿಯಿಂದ ಉಸಿರಾಡಬಹುದು.

ಬಾಯಿಗೆ ತೆಗೆದುಕೊಂಡಳು. ಅರವತ್ತು ವರ್ಷದಲ್ಲಿ ಮೊದಲ ಸಲ. ಮೊದಲು ನಾಲಿಗೆಗೆ ಬರೀ ಹುಳಿ, ಒಗರು. ಮೈ ಜುಮ್ಮೆಂದಿತು, ಉಗಿಯುವುದು ಸುಲಭವೆಂದುಕೊಂಡು ಮಡಕೆಯ ಮೇಲೆ ಬಗ್ಗಿದಳು. ಬಗ್ಗಿದ ಗಳಿಗೆಯಲ್ಲೇ ಒಗರಿನ ಕೆಳಗಿನಿಂದ ಹಣ್ಣು ಮೇಲೆ ಬಂತು. ಅವಳಿಗೆ ಗೊತ್ತಿದ್ದ ಹಣ್ಣು. ಮೊದಲ ಗೊಂಚಲು ಬಿಟ್ಟ ವರ್ಷ ಸಿದ್ದಯ್ಯ ಎಲೆಯಲ್ಲಿ ಸುತ್ತಿ ತಂದು, ಮೊದಲು ದೇವರಿಗೆ, ಆಮೇಲೆ ಅವ್ವೋರಿಗೆ, ಎಂದು ಜಗಲಿಯ ಮೇಲೆ ಇಟ್ಟು ಹೋಗಿದ್ದ ಹಣ್ಣು. ಆ ಹಣ್ಣಿಗೆ ಬೇಲಿಯ ಹೊಂಗೆ ಹೂವಿನ ವಾಸನೆ ಇತ್ತು, ಈಗಲೂ ಇತ್ತು. ತಿನ್ನುವ ವಸ್ತುವನ್ನು ಉಗಿಯಬಾರದೆಂದು ಹುಟ್ಟಿದಾಗಿನಿಂದ ಕಲಿತ ಬಾಯಿ ಅದು. ತಟ್ಟೆಯಲ್ಲಿ ಒಂದಗುಳು ಬಿಟ್ಟರೆ ಬೈಸಿಕೊಂಡು ಬೆಳೆದ ಬಾಯಿ. ಅವಳು ತುಟಿ ತೆರೆಯಲು ನೋಡಿದಳು. ತೆರೆಯಲಿಲ್ಲ. ಬೂದಿಯ ಮೇಲೆ ಬಗ್ಗಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಎಷ್ಟೋ ಹೊತ್ತು ಹಾಗೇ ನಿಂತಳು.

"ಉಗಿ ಅವ್ವ," ಎಂದ ಮಗ ಹೆದರಿ.

ಗುಟುಕು ಗಂಟಲಿನಿಂದ ಕೆಳಗೆ ಇಳಿಯಿತು.

ಹಾಗಾದರೆ ಅವನು ಸುಳ್ಳು ಹೇಳಿರಲಿಲ್ಲ. ಸಾಯುವಾಗ ಹೇಳಿದ್ದೂ ನಿಜ, ನಂಜನಗೂಡಿನಲ್ಲಿ ಒದ್ದೆ ಪಂಚೆಯಲ್ಲಿ ನಿಂತು ಹೇಳಿದ್ದೂ ನಿಜ. ಅವನ ಬಾಯಿಗೆ ಅದನ್ನು ಇಟ್ಟವರು ತಾವು. ಗುರುಬಸಮ್ಮ ಗಂಡನ ಕಡೆಗಾಗಲಿ ಮಗನ ಕಡೆಗಾಗಲಿ ನೋಡಲಿಲ್ಲ. ಮಡಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿಯನ್ನೂ ಮರೆತು, ತೋಟ ದಾಟಿ ನಡೆದಳು.

ರಾಮಮ್ಮ ಮನೆಯ ಮುಂದಿನ ಕಲ್ಲಿನ ಹತ್ತಿರ ತೊಳೆಯುವ ಪಾತ್ರೆ ಹಾಕಿಕೊಂಡು ಕೂತಿದ್ದಳು. ಗುರುಬಸಮ್ಮ ಮಡಕೆಯನ್ನು ಅವಳ ಮುಂದೆ ಇಟ್ಟು ನೆಲದ ಮೇಲೆಯೇ ಕುಸಿದು ಕೂತಳು. ರಾಮಮ್ಮ ಮಡಕೆ ನೋಡಿದಳು, ಅವಳ ಮುಖ ನೋಡಿದಳು, ಬಾಯಿಂದ ಬರುತ್ತಿದ್ದ ವಾಸನೆ ಅವಳಿಗೆ ಗೊತ್ತಿಲ್ಲದ್ದಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬೂದಿಯೊಳಗೆ ಬೆರಳಿಟ್ಟಳು.

"ನಿಮ್ಗೂ ಆಗ್ನಿಲ್ವಾ ಅವ್ವೋರೆ," ಎಂದಳು.

ಗುರುಬಸಮ್ಮ ಇಲ್ಲವೆಂದು ತಲೆಯಾಡಿಸಿದಳು. ಆದರೆ ಹೇಳಬೇಕಾದದ್ದು ಅದಲ್ಲ, ಇನ್ನೊಂದಿತ್ತು.

"ಎರಡ್ನೇ ವರ್ಷವೇ ನೋಡಿದ್ದೆ ಕಣೆ ರಾಮಮ್ಮ. ಹೀಗೇ ಒಣಗಿತ್ತು. ನೋಡಿ ಸುಮ್ನಾಗ್ಬಿಟ್ಟೆ."

ರಾಮಮ್ಮ ಬೆರಳಿಗೆ ಹತ್ತಿದ ಬೂದಿಯನ್ನು ಕಲ್ಲಿಗೆ ಒರೆಸಿದಳು. ಎದುರಿನ ಹುಣಸೆಮರದ ಕೆಳಗೆ ಯಾರದೋ ಕೋಳಿ ಕೆದಕುತ್ತಿತ್ತು.

"ನಂಗೊತ್ತು," ಎಂದಳು ಕೊನೆಗೆ. "ಬೂದಿ ತುಂಬ್ತಾ ಇದ್ದೋರು ನೀವು ತಾನೆ. ನಿಮ್ಗೆ ಗೊತ್ತಾಗ್ದೆ ಇದ್ದಾತಾ? ಯಾವತ್ತು ಬಂದು ಏಳ್ತೀರಿ ಅಂತ ಒಂದು ವರ್ಸದಿಂದ ಕಾಯ್ತಾ ಇವ್ನಿ."

ಅವಳು ಅಳಲಿಲ್ಲ, ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಮಡಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಹಿಡಿ ಬೂದಿ ತೆಗೆದು ತಪ್ಪಲೆಗೆ ಹಾಕಿ, ತೆಂಗಿನ ನಾರಿನಿಂದ ಉಜ್ಜತೊಡಗಿದಳು. ಗುರುಬಸಮ್ಮ ಸ್ವಲ್ಪ ಹೊತ್ತು ನೋಡುತ್ತ ಕೂತಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಾಶಿಯಿಂದ ಒಂದು ಚೊಂಬು ತೆಗೆದುಕೊಂಡು, ತಾನೂ ಬೂದಿಗೆ ಕೈ ಹಾಕಿದಳು. ಅದು ಸಿದ್ದಯ್ಯ ನೀರು ಕುಡಿಯುತ್ತಿದ್ದ ಚೊಂಬು. ರಾಮಮ್ಮ ಬೇಡ ಎನ್ನಲಿಲ್ಲ. ತನ್ನ ಕಡೆಯಿದ್ದ ನೀರಿನ ಬಕೆಟ್ಟನ್ನು ಇಬ್ಬರ ನಡುವೆ ಸರಿಸಿದಳು.